ಕೊಟ್ಟು ತಂದ ಸಂಬಂಧ

ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳುವ ನಾನು ಎಷ್ಟೋ ರಾಣಿಯರನ್ನು ಗಂಡನ ಮನೆಗೆ ಕಳಿಸಿದ್ದೇನೆ. ರಾಷ್ಟ್ರಕೂಟರ ಹೆಣ್ಣು ಗಂಗರಿಗೆ, ಚೋಳರ ಹೆಣ್ಣು ಚಾಲುಕ್ಯರಿಗೆ. ಮದುವೆಯಾಯಿತು, ಯುದ್ಧ ನಿಂತಿತು, ಎರಡು ಅಂಕದ ಉತ್ತರ, ಬರೆದುಕೊಳ್ಳಿ. ಎರಡು ವರ್ಷದ ಹಿಂದೆ, ಗೌರಿ ಹಬ್ಬಕ್ಕೆ ವಾರವಿರುವಾಗ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ತಿರ್ಗಾ ಜಗಳ ಶುರುವಾದ್ರೆ ಆ ರಾಣಿ ಯಾವ ಕಡೆ?"

"ಗಂಡನ ಕಡೆ. ಕೂತ್ಕೊ," ಎಂದು ಗದರಿದೆ. ಪಾಪ, ಅವಳ ತಪ್ಪೇನೂ ಇರಲಿಲ್ಲ. ಆ ಪ್ರಶ್ನೆಯನ್ನು ಮದುವೆಯಾದಂದಿನಿಂದ ನಾನೇ ದೂರ ಇಟ್ಟುಕೊಂಡು ಬಂದಿದ್ದೆ.

ನನ್ನದು ಕೊಟ್ಟು ತಂದ ಸಂಬಂಧ. ಭೀಮನಬೀಡಿನ ನಮ್ಮಪ್ಪನಿಗೂ ಹರವೆಯ ನಮ್ಮ ಮಾವನಿಗೂ ಯಾವುದೋ ಮದುವೆಯ ಪಂಕ್ತಿಯಲ್ಲಿ ಮಾತಿಗೆ ಮಾತು ಬೆಳೆದು, ಎರಡು ಮನೆಯವರೂ ವರ್ಷಗಟ್ಟಲೆ ಮುಖ ನೋಡುತ್ತಿರಲಿಲ್ಲ. ಹಿರಿಯರು ಸೇರಿ ರಾಜಿ ಮಾಡಿಸಿದರು. ನನ್ನನ್ನು ಹರವೆಗೆ ಕೊಟ್ಟರು, ನನ್ನ ಗಂಡನ ತಂಗಿಯನ್ನು ನನ್ನ ತಮ್ಮನಿಗೆ ತಂದುಕೊಂಡರು. ಒಂದೇ ಚಪ್ಪರ, ಒಂದೇ ಮುಹೂರ್ತ. ಅಣ್ಣನ ಹೆಂಡತಿಯೆಂದರೂ ನಾನು ಅವಳಿಗೆ ಅತ್ತಿಗೆ, ಗಂಡನ ಅಕ್ಕ ಎಂದರೂ ಅತ್ತಿಗೆಯೇ. ತಪ್ಪಿಸಿಕೊಳ್ಳುವ ದಾರಿ ಇಬ್ಬರಿಗೂ ಇರಲಿಲ್ಲ.

ಇಂಥ ಮದುವೆಯಲ್ಲಿ ಅಲ್ಲಿ ಆದದ್ದು ಇಲ್ಲಿಯೂ ಆಗಬೇಕು. ಅವಳಿಗೆ ರೇಷ್ಮೆ ಸೀರೆ ಬಂದರೆ ನನಗೂ ಬರುತ್ತಿತ್ತು. ಅವಳ ಅಡುಗೆಗೆ ನಮ್ಮವ್ವ ಮೂಗು ಮುರಿದರೆ ಆ ವಾರವೆಲ್ಲ ಇಲ್ಲಿ ನನ್ನ ಸಾರಿಗೆ ಉಪ್ಪು ಜಾಸ್ತಿಯಾಗುತ್ತಿತ್ತು. ಇದಕ್ಕೆಲ್ಲ ನಾವಿಬ್ಬರೂ ನಗುತ್ತಿದ್ದೆವು. ಆದರೆ ಅವಳು ಗಂಡನನ್ನು ಬಿಟ್ಟು ಬಂದ ದಿನ ನನ್ನನ್ನೂ ತವರಿಗೆ ಅಟ್ಟುತ್ತಾರೆ ಎಂಬುದು ಎರಡೂ ಮನೆಗೆ ಗೊತ್ತಿತ್ತು. ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಅವ್ವನ ಮಾತು ಮೀರಿದವರಲ್ಲ.

ಗೌರಿ ಹಬ್ಬಕ್ಕೆ ತವರಿಗೆಂದು ನಾನು ಆ ಕಡೆ, ಅವಳು ಈ ಕಡೆ. ತೆರಕಣಾಂಬಿಯಲ್ಲಿ ಇಬ್ಬರೂ ಬಸ್ಸು ಬದಲಾಯಿಸಬೇಕು. ಒಂದೊಂದು ಟೀ ಕುಡಿದು, ಇಬ್ಬರು ಅತ್ತೆಯರನ್ನೂ ಮನಸಾರೆ ಆಡಿಕೊಂಡು ಹೊರಡುವುದು ನಮ್ಮ ವಾಡಿಕೆ. ಆ ವರ್ಷ ಅವಳು ಲೋಟವನ್ನು ಎಡಗೈಯಲ್ಲಿ ಹಿಡಿದಳು. ಬಲಗೈ ಸೆರಗಿನೊಳಗಿತ್ತು. ಸೆರಗು ಸರಿಸಿ ನೋಡಿದೆ. ಮಣಿಕಟ್ಟು ಊದಿ ಬಳೆಗಳು ಚರ್ಮಕ್ಕೆ ಒತ್ತಿಕೊಂಡಿದ್ದವು.

"ಬಚ್ಚಲಲ್ಲಿ ಜಾರ್ಬುಟ್ಟೆ ಕಣತ್ಗೆ."

"ನನ್ ತಮ್ಮ ಹೊಡೆದ್ನಾ?"

ಅವಳು ಲೋಟ ಕೆಳಗಿಟ್ಟು ಸೆರಗು ಮತ್ತೆ ಎಳೆದುಕೊಂಡಳು. ಆಮೇಲೆ, "ಮೂರ್ ವರ್ಸದಿಂದ ಇಂಗೇಯ. ಬಾಯ್ಬುಟ್ರೆ ನಿನ್ನ ಕಳ್ಸ್ಬುಡ್ತಾರೆ ಅಂತ ಸುಮ್ನಿದ್ದೆ," ಅಂದಳು.

ನನಗೆ ಮೊದಲು ಆದದ್ದು ಮರುಕವಲ್ಲ, ಭಯ. ಇವಳು ಇನ್ನೂ ಸುಮ್ಮನಿದ್ದರೆ ನನ್ನ ಮನೆ ಉಳಿಯುತ್ತದಲ್ಲ ಎಂದುಕೊಂಡೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆ. ನಾನು ಹೋಗಬೇಕಿದ್ದ ಗುಂಡ್ಲುಪೇಟೆ ಬಸ್ಸು ಬಂತು, ಕಂಡಕ್ಟರು ಕೂಗಿದರು. ನಾನು ಹತ್ತಲಿಲ್ಲ. ಅವಳ ಜೊತೆ ಹರವೆಯ ಬಸ್ಸು ಹತ್ತಿದೆ.

ಹೊಸ್ತಿಲಾಚೆ ನಿಂತೇ ಅತ್ತೆಗೆ ಎಲ್ಲ ಹೇಳಿದೆ. ಅವರು ಮಗಳ ಕೈ ಹಿಡಿದು ತಿರುಗಿಸಿ ನೋಡಿದರು.

"ನನ್ ಮಗ್ಳು ಇನ್ ಆ ಮನೆ ಕಡೆ ತಲೆ ಆಕಲ್ಲ," ಅಂದವರು ನನ್ನ ಕಡೆ ತಿರುಗಿದರು. "ನೀನೂ ಓಗು, ನಿಮ್ಮಪ್ಪನ್ ಮನೆಗೆ."

ನನ್ನ ಗಂಡ ನೆಲ ನೋಡುತ್ತಿದ್ದರು. ಆಗ ನಾದಿನಿ ಕೆಳಗಿಟ್ಟ ಬ್ಯಾಗನ್ನು ಆ ಊದಿದ ಕೈಯಲ್ಲೇ ಎತ್ತಿಕೊಂಡಳು.

"ಅತ್ಗೇನ ಕಳ್ಸಿದ್ರೆ ನಾನೂ ಓಯ್ತೀನಿ ಕಣವ್ವ. ಅವ್ನ್ ಅತ್ರಕ್ಕೇ ಓಯ್ತೀನಿ."

ನಮ್ಮಿಬ್ಬರನ್ನೂ ಕಟ್ಟಿಹಾಕಿದ್ದ ರೂಢಿಯನ್ನು ಹೀಗೆ ತಿರುಗಿಸಿ ಹಿಡಿಯಬಹುದು ಎಂದು ಇತಿಹಾಸ ಓದಿದ ನನಗೆ ಹೊಳೆದಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಅವಳಿಗೆ ಹೊಳೆಯಿತು. ಅತ್ತೆ ಮಗಳ ಕೈಯಿಂದ ಬ್ಯಾಗು ಇಸಿದುಕೊಂಡರು.

"ಒಳಿಕ್ ಬನ್ನಿ, ಇಬ್ರೂವೆ," ಅಂದರು.

ರಜೆ ಮುಗಿದ ಮೇಲೆ ಆ ಹುಡುಗಿಯನ್ನು ಕರೆದು, ನಾನು ಹೇಳಿದ ಉತ್ತರ ತಪ್ಪು ಎಂದೆ. "ಮತ್ತೆ ಯಾವ ಕಡೆ ಮಿಸ್?" ಅಂದಳು. ಅವಳಿಗೆ ಬದಲಾಗಿ ಆ ಕಡೆಯಿಂದ ಈ ಕಡೆಗೆ ಬಂದ ಇನ್ನೊಬ್ಬ ರಾಣಿ ಇದ್ದರೆ ಅವಳ ಕಡೆ ಎಂದೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡ, ಅಂಕ ಬರುವುದಿಲ್ಲ ಎಂದೂ ಹೇಳಿದೆ.

ನನ್ನ ತಮ್ಮ ಫೋನಿನಲ್ಲಿ, "ಇನ್ಮೇಕೆ ಈ ಮನೆ ಮೆಟ್ಲು ಅತ್ಬ್ಯಾಡ," ಅಂದಿದ್ದ. ಅಪ್ಪ, ಅವ್ವ ಅವನ ಪರವೇ ನಿಂತರು. ಮರುವರ್ಷದ ಗೌರಿಗೆ ಭೀಮನಬೀಡಿನಿಂದ ನನಗೆ ಬಾಗಿನ ಬರಲಿಲ್ಲ. ಬೆಳಿಗ್ಗೆಯೆಲ್ಲ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ, ಅಳು ಬರದಿರಲಿ ಎಂದು. ಹತ್ತು ಗಂಟೆಗೆ ನಾದಿನಿ ಮೊರದ ಬಾಗಿನ ಹಿಡಿದು ಬಂದಳು. ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಒಂದೂ ಬಿಟ್ಟಿರಲಿಲ್ಲ.

"ತವರಿಂದ ಬಂದದೆ. ತಗೊ ಅತ್ಗೆ."

ಆಗ ಅತ್ತುಬಿಟ್ಟೆ. ಹೊಸ ಮೊರ ಎಲ್ಲಿ ಸಿಕ್ಕಿತು ಎಂದು ಕೇಳಿದ್ದಕ್ಕೆ ಅವಳು ಅಡುಗೆಮನೆಯ ಕಡೆ ಕಣ್ಣು ತೋರಿಸಿದಳು. ಅತ್ತೆ ನಮಗೆ ಬೆನ್ನು ಮಾಡಿ, ಏನೂ ಗೊತ್ತಿಲ್ಲದವರಂತೆ ಒಬ್ಬಟ್ಟು ತಟ್ಟುತ್ತಿದ್ದರು.