ಐದನೆಯವರ ಊಟ

ದೆವ್ವ, ಗಾಳಿ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಂಬಿ ಎಂದು ನಿಮ್ಮನ್ನೂ ಒತ್ತಾಯಿಸುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಚಂದ್ರನ ಮೇಲೆ ಜನ ಉಳಿಯುವ ನೆಲೆ ಕಟ್ಟಿದರೆ ಅವರಿಗೆ ಊಟ, ನೀರು ಎಷ್ಟು ಬೇಕು, ಯಾವಾಗ ಕಳಿಸಬೇಕು ಎಂದು ಯೋಜಿಸುವುದು ನನ್ನ ಕೆಲಸ. "ಮನೇಲಿ ಗ್ಯಾಸ್ ಮುಗದ್ದು ಗೊತ್ತಾಗೂದಿಲ್ಲ, ಚಂದ್ರಂಗೆ ಅಕ್ಕಿ ಕಳಸ್ತಾಳಂತೆ!" ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು.

ಯೋಜನೆಯನ್ನು ಪರೀಕ್ಷಿಸಲು ಅಪ್ಸರಕೊಂಡದ ಆಚೆ ಬೋಳು ಕಲ್ಲುಗುಡ್ಡದ ಮೇಲೆ ಕಿಟಕಿಯಿಲ್ಲದ ಮನೆ ಕಟ್ಟಿದೆವು. ನಮ್ಮ ಕಡೆಯವರೇ ನಾಲ್ವರು ಒಂದು ತಿಂಗಳು ಒಳಗಿರಬೇಕು. ಅವರಲ್ಲಿ ನನ್ನ ತಮ್ಮ ಗಣಪತಿಯೂ ಒಬ್ಬ. ಬಾಗಿಲಿಗೆ ಹೊರಗಿನಿಂದ ಸೀಲು. ಬೇರೆಯವರು ಒಳಹೊಕ್ಕರೆ ಪರೀಕ್ಷೆಯೇ ರದ್ದು. ಚೆನ್ನಾಗಿ ಮುಗಿಸಿದವರಿಗೆ ಮುಂದಿನ ತರಬೇತಿ ಸಿಗುತ್ತಿತ್ತು. ತಮ್ಮನ ಜೀವವೆಲ್ಲ ಅದರ ಮೇಲೆಯೇ ಇತ್ತು.

ತಿಂಗಳು ತುಂಬುವ ಮೊದಲೇ ಊಟದ ಪೊಟ್ಟಣಗಳು ಮುಗಿದವೆಂದು ಒಳಗಿನಿಂದ ಸುದ್ದಿ ಬಂತು. ಎಷ್ಟು ಸಲ ತಾಳೆ ನೋಡಿದರೂ ಅಲ್ಲಿ ದಿನಾ ಮಧ್ಯಾಹ್ನ ಐದು ಜನ ಉಂಡಂತಿತ್ತು. ಗಣಪತಿ ಮದುವೆಮನೆಯಲ್ಲಿ ಎರಡೆರಡು ಪಂಕ್ತಿಗೆ ಕೂರುವ ಆಸಾಮಿ, ಎಲ್ಲರ ಬೆರಳೂ ಅವನತ್ತ. ಕೇಳಿದರೆ, "ನಾನೇ ಉಂಡೆ, ಆತಲ್ಲ" ಎಂದ. ತರಬೇತಿಯಿಂದ ಅವನನ್ನು ಕೈಬಿಟ್ಟರು.

ಬಾಗಿಲು ತೆಗೆದಾಗ ಅವನನ್ನು ನೋಡಿದೆ. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಕದ್ದು ತಿಂದವನ ಮೈಯೇ ಅದು? ಹಳದೀಪುರದ ಬಸ್ಸಿನಲ್ಲಿ ಪಕ್ಕ ಕೂತು ಕೇಳಿದೆ: "ನಿಜ ಹೇಳೋ ಮಾರಾಯ, ಯಾರು ಉಂಡದ್ದು?"

ಅವನು ನನ್ನನ್ನೇ ನೋಡಿದ. "ಎಂತ ಅಕ್ಕ, ನನ್ನತ್ರ ಕೇಳ್ತೆ? ದಿನಾ ಮಧ್ಯಾಹ್ನ ಬಂದು ನನ್ನ ಪಕ್ಕ ಕೂತು ಉಂಡ್ಕಂಡು ಹೋದದ್ದು ನೀನೇ ಅಲ್ದಾ?"

ಉಣ್ಣುವ ಹೊತ್ತಿಗೆ ಬಂದವರನ್ನು ಯಾಕೆ ಬಂದೆ, ಹೇಗೆ ಬಂದೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಬಡಿಸಿಬಿಡುವುದು. ಅವರೂ ಕೇಳಲಿಲ್ಲವಂತೆ. ಉಳಿದ ಮೂವರನ್ನು ಬೇರೆ ಬೇರೆಯಾಗಿ ಕಂಡೆ, ಮೂವರದೂ ಅದೇ ಮಾತು. ಅವರಲ್ಲಿ ಬೆಳಕೆ ಊರಿನ ಹುಡುಗಿಯಂತೂ ಕಣ್ಣಲ್ಲಿ ನೀರು ತಂದುಕೊಂಡಳು. "ಹೇಳ್ರೆ ಅಕ್ಕನ ಕೆಲ್ಸ ಹೋಗ್ತದೆ ಅಂತ ಗಣಪತಿ ನಮ್ಮತ್ರ ಆಣೆ ಹಾಕಿಸ್ಕಂಡಿದ್ದ. ಕಡೇಕಡೇಗೆ ತನ್ನ ಪಾಲೂ ನಿಮಗೇ ಹಾಕ್ತಿದ್ದ. ನೀವು ಒಂದಿನನೂ ಮಾತಾಡ್ಲಿಲ್ಲ. ಸುಮ್ನೆ ಉಣ್ತಿದ್ರಿ."

ಸೀಲು ಒಡೆದಿರಲಿಲ್ಲ. ಆ ಮಧ್ಯಾಹ್ನಗಳಲ್ಲೆಲ್ಲ ನಾನು ಕುಮಟಾದ ಕಚೇರಿಯಲ್ಲಿದ್ದೆ, ನೋಡಿದವರಿದ್ದಾರೆ. ಹೋಗಿದ್ದೆ ಎಂದು ಸುಳ್ಳಾದರೂ ಹೇಳಿ ತಮ್ಮನನ್ನು ಉಳಿಸೋಣವೆಂದುಕೊಂಡೆ. ಆದರೆ ಸೀಲು ಒಡೆಯದೆ ಒಳಗೆ ಹೋದದ್ದು ಹೇಗೆ ಎಂದರೆ ಏನು ಹೇಳಲಿ?

ಬಹಳ ದಿನ ತಡೆದುಕೊಂಡೆ. ಕೊನೆಗೊಮ್ಮೆ ಅವನಿಗೆ, "ಅದು ನಾನಲ್ಲವೋ" ಎಂದುಬಿಟ್ಟೆ. ಅವನ ಮುಖ ಬಿಳುಚಿಕೊಂಡಿತು.

"ಹಂಗಾರೆ ನಾ ಎಲ್ಲ ಬಿಟ್ಕೊಟ್ಟದ್ದು ಯಾರಿಗೆ ಅಕ್ಕ?" ಎಂದ.