ಕಟ್ಟೆಯಷ್ಟೇ ಎತ್ತರದ ಕಾರು

ಮೊನ್ನೆ ಬಾಳು ಕಾಕಾನ ಕಾರಿನಲ್ಲಿ ಅಥಣಿಯಿಂದ ಕಾಗವಾಡಕ್ಕೆ ಹೊರಟಿದ್ದೆ. ನಮ್ಮವರದೇ ಒಂದು ನಿಶ್ಚಯದ ಊಟವಿತ್ತು. ಮುಂದಿನ ಸೀಟಿನಲ್ಲಿ ಕಾಕಾ ಮತ್ತು ಕಾಕು, ಹಿಂದೆ ನಾನು ಮತ್ತು ಒಂದು ಬಾಳೆಗೊನೆ. ಒಂದು ತಿರುವಿನಲ್ಲಿ ಸೀಟಿನ ಕೆಳಗಿನಿಂದ ಏನೋ ಉರುಳಿ ಬಂದು ಪಾದಕ್ಕೆ ತಗುಲಿತು. ಎತ್ತಿ ನೋಡಿದರೆ ಒಣಗಿ ಕಟ್ಟಿಗೆಯಾಗಿದ್ದ ಕಬ್ಬಿನ ತುಂಡು. ಎರಡೂವರೆ ಗೇಣು ಉದ್ದ, ಎರಡೂ ತುದಿ ನೀಟಾಗಿ ಕೊಯ್ದದ್ದು. ನೀವಾಗಿದ್ದರೆ ಕಸವೆಂದು ಹೊರಗೆ ಎಸೆಯುತ್ತಿದ್ದಿರಿ. ನನಗೆ ಧೈರ್ಯವಾಗಲಿಲ್ಲ. ಏಕೆಂದರೆ ಈ ಕಾರನ್ನು ಆರಿಸಿದ್ದೇ ಆ ತುಂಡು.

ಬಾಳು ಕಾಕಾ ನನ್ನ ತಂದೆಯ ತಮ್ಮ, ಕಾಕು ಅವನ ಹೆಂಡತಿ. ಅಥಣಿಯ ಹತ್ತಿರ ದ್ರಾಕ್ಷಿ ತೋಟ ಮಾಡಿಕೊಂಡು, ಎಲ್ಲರ ಹಾಗೆ ಜೀಪು ಇಟ್ಟುಕೊಂಡು ಮರ್ಯಾದೆಯಿಂದ ಇರಬಹುದಿತ್ತು. ಆದರೆ ಅವನು ಕೊಲ್ಹಾಪುರದ ಒಬ್ಬ ಶೋಕಿಲಾಲನಿಂದ ಕೆಂಪು ಬಣ್ಣದ, ಎರಡೇ ಸೀಟಿನ, ಕ್ಯಾನ್ವಾಸು ಹೊದಿಕೆಯ ಓಟದ ಕಾರನ್ನು ತಂದ. ಅದು ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರಿನವರು ಕಾಣದೆ ಮೈಮೇಲೆ ಬಂದಾರೆಂದು ಕಾಕಾ ಅದಕ್ಕೊಂದು ಬಿದಿರಿನ ಕೋಲು ಕಟ್ಟಿ ಹಳದಿ ಬಾವುಟ ಏರಿಸಿದ. ರಸ್ತೆಯಲ್ಲಿ ಮೊದಲು ಬಾವುಟ ಬರುತ್ತಿತ್ತು, ಆಮೇಲೆ ಸದ್ದು, ಕೊನೆಗೆ ಕಾಕಾ. ಊರವರು ಅದಕ್ಕೆ ‘ಚಪ್ಪಲಿ’ ಎಂದು ಹೆಸರಿಟ್ಟರು. “ಕಾಕಾ ಚಪ್ಪಲಿ ಹಾಕ್ಕೊಂಡ ಹೊಂಟ್ರು ನೋಡ್ರಿ” ಎಂದರೆ ಕಾಕಾ ಸನ್ಮಾನ ಸ್ವೀಕರಿಸುವವನಂತೆ ತಲೆಬಾಗುತ್ತಿದ್ದ.

ಆದರೆ ಖಾಲಿ ರಸ್ತೆಯಲ್ಲಿ ಅದರ ಓಟವನ್ನು ಹೊಗಳದೆ ಇರುವುದು ಅಧರ್ಮ. ಒಂದು ಸಲ ನಾನು ಪಕ್ಕದಲ್ಲಿ ಕೂತಿದ್ದೆ. ಕೊಕಟನೂರಿನ ದಾರಿಯಲ್ಲಿ ಹಾರಿಹೋದ ನನ್ನ ಟೊಪ್ಪಿಗೆ ಇನ್ನೂ ಸಿಕ್ಕಿಲ್ಲ. ಯಾವುದೋ ಹೊಲದಲ್ಲಿ ಬೆದರುಬೊಂಬೆಯೊಂದು ಅದನ್ನು ನನಗಿಂತ ಗಂಭೀರವಾಗಿ ಧರಿಸಿಕೊಂಡಿರಬೇಕು.

ಪ್ರತಿ ಸೋಮವಾರ ಕಾಕಾ–ಕಾಕು ಆ ಕಾರಿನಲ್ಲಿ ಪೇಟೆಗೆ ಹೋಗುತ್ತಿದ್ದರು. ತೋಟದಿಂದ ಪೇಟೆಯವರೆಗೆ, ವೇಗ ತಗ್ಗಿಸಲೆಂದು ರಸ್ತೆಗೆ ಅಡ್ಡ ಎಬ್ಬಿಸಿದ ಏಳು ಹಂಪುಗಳು. ಇಬ್ಬರು ಕೂತರೆ ಕಾರಿನ ಹೊಟ್ಟೆ ಹಂಪಿಗೆ ಉಜ್ಜುತ್ತಿತ್ತು. ಆದ್ದರಿಂದ ಪ್ರತಿ ಹಂಪಿನ ಮುಂದೆ ಕಾಕು ಇಳಿಯಬೇಕು, ನಡೆದು ದಾಟಬೇಕು, ಆಚೆ ಮತ್ತೆ ಹತ್ತಬೇಕು. ಮದುವೆಯ ದಿನ ಏಳೇ ಹೆಜ್ಜೆ ಇಟ್ಟವರನ್ನು ನಾವು ದಂಪತಿಗಳೆಂದು ಒಪ್ಪಿಕೊಳ್ಳುತ್ತೇವೆ. ಕಾಕು ವಾರವಾರವೂ ಏಳು ಹಂಪು ನಡೆದವಳು.

ಚಹಾದ ಅಂಗಡಿಯವನು ಕೂಗುತ್ತಿದ್ದ: “ಯಾಕ್ರಿ ಕಾಕು, ಕಾಕಾ ನಡು ದಾರ್ಯಾಗ ಇಳಿಸಿಬಿಟ್ರೇನು?”

“ಗಾಡಿ ಬಸರ ಐತಪಾ. ಹೊಟ್ಟಿ ಸಂಭಾಳಿಸ್ಬೇಕು” ಎನ್ನುತ್ತಿದ್ದಳು ಕಾಕು.

ಹೀಗೆ ಎಷ್ಟೋ ವರ್ಷ ನಡೆಯಿತು. ಆಮೇಲೆ ಒಂದು ಸೋಮವಾರ ಕಾಕುಗೆ ಹಪ್ಪಳದ ಕೆಲಸ ಬಂತು. ಮುಂದಿನ ಸೋಮವಾರ ಶಾವಿಗೆ. ಅದರ ಮುಂದಿನ ವಾರ ನೆಗಡಿ. ಮೂರನೆಯ ಸಲ ಕಾಕಾ ಪಕ್ಕದ ಸೀಟಿನಲ್ಲಿ ಸಂತೆಯ ಚೀಲ ಕೂರಿಸಿಕೊಂಡು ಮರಳಿದ. ಬಂದವನೇ ನನಗೆ ಫೋನು ಹಚ್ಚಿದ.

“ಮಾಸ್ತರ, ನಿನ್ನ ಕಾಕುಗ ಮೊಣಕಾಲ ಬ್ಯಾನಿ ಐತಿ. ಕೇಳಿದ್ರ ಹೇಳವಲ್ಲಳು. ಹೋದ ತಿಂಗಳ ಗಾಡ್ಯಾಗಿಂದ ಏಳುವಾಗ ಎರಡೂ ಕೈಲೆ ಬಾಗಲಾ ಹಿಡದಿದ್ಳು, ನಾ ನೋಡೀನಿ. ಬ್ಯಾರೆ ಗಾಡಿ ತರೂಣು.”

“ಚಪ್ಪಲಿ ಮಾರ್ತಿ ಏನ್ ಕಾಕಾ?”

“ನಾ ಒಬ್ಬನ ಹೋಗಿ ಬಂದ್ರ, ಹೋಗಿ ಬಂದಂಗ ಆಗೂದಿಲ್ಲಲೇ” ಎಂದ.

ಚಿಕ್ಕೋಡಿಯ ಶೋರೂಮಿನಲ್ಲಿ ಕಾಕಾ ಎತ್ತಿನ ಸಂತೆಯ ಪದ್ಧತಿಯನ್ನೇ ಅನುಸರಿಸಿದ. ಮೊದಲು ಹಿಂದಿನಿಂದ ನೋಡಿದ, ಬಾಗಿ ನಾಲ್ಕೂ ಕಾಲು ನೋಡಿದ, “ಸ್ವಲ್ಪ ನಡಿಸಿ ತೋರಸ್ರಿ” ಎಂದ. ಮ್ಯಾನೇಜರ್ ಪರದೆಯ ಮಹಿಮೆ ವಿವರಿಸತೊಡಗಿದರೆ “ಟೀವಿ ಮನ್ಯಾಗ ಐತ್ರಿ” ಎಂದು ತಡೆದ. ಕೊನೆಗೆ ಬೆಟ್ಟದಂಥ ಒಂದು ಕರಿ ಗಾಡಿಯನ್ನು ಮೆಚ್ಚಿ, “ಎದಿ ನೋಡಲೇ ಮಾಸ್ತರ, ಯಾ ಹಂಪಿಗೂ ಬಗ್ಗೂದಿಲ್ಲ” ಎಂದು ನನ್ನ ಬೆನ್ನು ತಟ್ಟಿದ. ನಾನೂ ತಜ್ಞನಂತೆ ತಲೆಯಾಡಿಸಿದೆ. ಕಾಕುಗೆ ತೋರಿಸಲೆಂದು ಅದನ್ನು ತೋಟದ ಮನೆಗೆ ತರಿಸಿದೆವು.

ಕಾಕು ನಿರಿಗೆ ಸರಿಮಾಡಿಕೊಂಡಳು, ಒಂದು ಕಾಲು ಎತ್ತಿದಳು, ಇಳಿಸಿದಳು. “ಭಾಳ ಚಲೋ ಐತ್ರಿ. ಏಣಿ ಹಿಂದಿಂದ ಬರತೈತೇನು?”

ಕರಿ ಗಾಡಿ ವಾಪಸು ಹೋಯಿತು. ಎತ್ತಿನಲ್ಲಿ ಎಲ್ಲವನ್ನೂ ನೋಡುವ ಮನೆತನ ನಮ್ಮದು. ಹತ್ತುವವರನ್ನು ನೋಡುವ ರೂಢಿ ಮಾತ್ರ ನಮಗೆ ಇರಲಿಲ್ಲ.

ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ಪಕ್ಕದಲ್ಲೇ ಕೂತು ಕಾಕು ಮೆಂತ್ಯಸೊಪ್ಪು ಸೋಸುತ್ತಿದ್ದಳು. ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಕಾಕು ಎದ್ದು ಒಳಗೆ ಹೋದಳು. ಏನನ್ನೂ ಹಿಡಿಯಲಿಲ್ಲ, ‘ಅಯ್ಯಪ್ಪಾ’ ಎನ್ನಲಿಲ್ಲ. ಅವಳು ಕೂತಿದ್ದ ಜಾಗವನ್ನು ಕಾಕಾ ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕದ ಹೊಲದಿಂದ ಒಂದು ಕಬ್ಬು ತಂದು, ಕಟ್ಟೆಗೆ ನೆಟ್ಟಗೆ ನಿಲ್ಲಿಸಿ, ಉಗುರಿನಿಂದ ಗುರುತು ಮಾಡಿ, ಕುಡುಗೋಲಿನಿಂದ ಕೊಯ್ದ.

“ಒಳಗ ಟೇಪ್ ಐತಲ್ಲ ಕಾಕಾ?”

“ಟೇಪ್ ನಂಬರ ಹೇಳತೈತಿ. ನನಗ ನಂಬರ ಬ್ಯಾಡ, ಕಟ್ಟಿ ಬೇಕು.”

ಹೀಗೆ ಕಾಕಾ ಕಬ್ಬಿನ ತುಂಡನ್ನು ರಾಜದಂಡದಂತೆ ಹಿಡಿದು, ಚಿಕ್ಕೋಡಿ, ನಿಪ್ಪಾಣಿಗಳ ಶೋರೂಮುಗಳಲ್ಲಿ ಸಂಚರಿಸಿದ. ಎಡಗಡೆಯ ಬಾಗಿಲು ತೆರೆಸುವುದು, ಸೀಟಿನ ಪಕ್ಕ ಕಬ್ಬು ನಿಲ್ಲಿಸುವುದು, ಇದಲ್ಲವೆಂದು ತಲೆಯಾಡಿಸಿ ಮುಂದಕ್ಕೆ ಹೋಗುವುದು. ನಿಪ್ಪಾಣಿಯ ಒಬ್ಬ ಮ್ಯಾನೇಜರ್ ತಡೆಯಲಾರದೆ ಕೇಳಿದ: “ಮೈಲೇಜ ಕೇಳಲಿಲ್ರಿ ಕಾಕಾ?”

“ಕೂಡಾಕಿ ಕುಂತ್ರ ಮುಗೀತ್ರಿ.”

ಕಬ್ಬಿಗೆ ಸರಿಯಾಗಿ ಕೂಡಿದ್ದು ಕೊನೆಗೆ ಒಂದೇ ಒಂದು. ಬಿಳಿ ಬಣ್ಣ, ಡಬ್ಬಿಯ ಆಕಾರ. ಯಾವ ಮದುವೆಯ ಮನೆಯ ಮುಂದೆ ನಿಲ್ಲಿಸಿದರೂ ಅಂಥವೇ ಇನ್ನೂ ಆರು ಮೊದಲೇ ನಿಂತಿರುತ್ತವಲ್ಲ, ಆ ಜಾತಿಯದು. ಕಾಕಾ ಅದರ ಸುತ್ತ ಒಂದು ಸಲ ನಡೆದು, “ಚಂದ ಐತಿ” ಎಂದ. ನನಗೆ ತಿಳಿದಂತೆ ಅವನು ಹೇಳಿದ ಒಂದೇ ಸುಳ್ಳು ಅದು.

ಚಪ್ಪಲಿಯನ್ನು ರಾಯಬಾಗದವರೊಬ್ಬರು ಒಯ್ದರು. ಆ ಹೊತ್ತಿಗೆ ಕಾಕಾ ದ್ರಾಕ್ಷಿ ಚಪ್ಪರದ ಕೆಳಗೆ ಹೋಗಿ ನಿಂತು, ಸದ್ದು ಕೇಳುವವರೆಗೆ ಕೇಳಿ, “ಇಷ್ಟ ಲಗೂ ಮೂರನೇ ಗೇರ್ ಹಾಕಬಾರದಿತ್ತು” ಎಂದ. ಮತ್ತೆ ಆ ವಿಷಯ ತೆಗೆಯಲಿಲ್ಲ.

ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ, ಹಾಡು ಜೋರಾಗಿ ಹಚ್ಚಿಕೊಂಡು ಬಂದ ಒಂದು ಖಾಲಿ ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿ ಹೋಯಿತು. ಹೌದು, ಟ್ರ್ಯಾಕ್ಟರು! ಕಾಕಾನ ಎಡಗೈ ಗೇರಿನ ಮೇಲೆ ಹೋಗಿ, ಅಲ್ಲೇ ನಿಂತು, ಮರಳಿತು. ನಾನು ಮುಂದೆ ಬಾಗಿ, “ಏನ್ ಕಾಕಾ, ವಯಸ್ಸಾತೇನು?” ಎಂದೆ.

ಕಾಕಾ ತುಟಿಯ ಮೇಲೆ ಬೆರಳಿಟ್ಟು, ಪಕ್ಕಕ್ಕೆ ಕಣ್ಣು ತೋರಿಸಿದ. ಕಾಕು ಗಾಜಿಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದಳು. ಕೆಂಪು ಕಾರಿನಲ್ಲಿ ಅಷ್ಟು ವರ್ಷ ಹಂಪು ಕಾಯುತ್ತ ಕೂತವಳು, ಒಂದು ದಿನವೂ ಕಣ್ಣು ಮುಚ್ಚಿದ್ದಳೆಂದು ನಾನು ಕೇಳಿಲ್ಲ.

“ಹೋಗ್ಲಿ ಬಿಡೋ” ಎಂದು ಪಿಸುಗುಟ್ಟಿದ.

ಕಾಗವಾಡ ಬಂತು. ಊಟದ ಮನೆಯ ಮುಂದೆ ಪೆಂಡಾಲು, ಹೋಳಿಗೆಯ ವಾಸನೆ, ಬಾಗಿಲಲ್ಲಿ ಕೈಯೆತ್ತಿ ಕರೆಯುವ ಬೀಗರು. ಕಾಕಾ ತಾನೂ ಕೈಯೆತ್ತಿ, ಪಕ್ಕದ ನಿದ್ದೆಯತ್ತ ಒಮ್ಮೆ ನೋಡಿ, ಕಾರು ನಿಲ್ಲಿಸದೆ, ಮೆಲ್ಲಗೆ ಮೀರಜದ ದಾರಿ ಹಿಡಿದ. ನನ್ನ ಹೊಟ್ಟೆ ಗುರ್ ಎಂದು ಪ್ರತಿಭಟಿಸಿತು. ಆ ಸದ್ದಿಗೆ ಕಾಕು ಎದ್ದಾಳೆಂದು ಅದರ ಮೇಲೆ ಎರಡೂ ಕೈ ಒತ್ತಿ ಹಿಡಿದು ಕೂತೆ.