ನಲವತ್ತೇಳನೇ ಪುಟದ ಗಾಳಿಪಟ

ಮೊದಲು ವಾಸನೆ ಬಂತೋ, ಮೊದಲು ಸೀಲು ಕಂಡಿತೋ, ಈಗ ಖಚಿತವಾಗಿ ಹೇಳಲಾರೆ. ವಿಜಯನಗರದ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಕಂದು ಕಾಗದದ ಹೊದಿಕೆ ಹಾಕಿದ್ದ ತೆಳ್ಳಗಿನ ಕಾದಂಬರಿಯನ್ನು ಕೈಗೆತ್ತಿಕೊಂಡಾಗ ಬಜೆಯ ವಾಸನೆ ಬಂದಂತಾಯಿತು. ಕೂಸುಗಳಿಗೆ ತೇಯ್ದು ನೆಕ್ಕಿಸುತ್ತಾರಲ್ಲ, ಆ ಬಜೆ ಬೇರು. ಹದಿನೈದು ವರ್ಷದ ಹಿಂದೆ ನಾನು ಮೂಸಿದ್ದ ವಾಸನೆ ಕಾಗದದಲ್ಲಿ ಇನ್ನೂ ಉಳಿದೀತೇ? ನನಗೆ ನಂಬಿಕೆಯಿಲ್ಲ. ಮೊದಲ ಪುಟದಲ್ಲಿದ್ದ ನೇರಳೆ ಬಣ್ಣದ ಗುಂಡು ಸೀಲನ್ನು ನೋಡಿದ ಮೇಲೆ ನನ್ನ ಮೂಗೇ ಆ ವಾಸನೆಯನ್ನು ಹುಟ್ಟಿಸಿಕೊಂಡಿರಬಹುದು. ಸೀಲು ಲೈಬ್ರರಿ ಆಂಟಿಯದು. ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ಬರೆದ ಪುಸ್ತಕದ ಹೆಸರೂ ಅವರದೇ ಅಕ್ಷರ. ಒಳಪುಟಗಳನ್ನು ಬಿಡಿಸಿ ನೋಡದೆ ಕೊಂಡು ತಂದೆ. ನಾಲ್ಕು ದಿನದಿಂದ ಅದು ನನ್ನ ಮೇಜಿನ ಮೇಲಿದೆ. ನಲವತ್ತೇಳನೇ ಪುಟವನ್ನು ನಾನಿನ್ನೂ ತೆರೆದಿಲ್ಲ.

ಯಾಕೆ ತೆರೆದಿಲ್ಲ ಎಂದು ಹೇಳಬೇಕಾದರೆ ಆಂಟಿಯ ವಿಷಯ ಹೇಳಬೇಕು. ಅದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಆಮೇಲೆ ಹೊಲಿದು ಸೇರಿಸಿದ್ದು ಎಂಬುದು ನನಗೆ ಗೊತ್ತಿಲ್ಲ. ಇತಿಹಾಸ ಓದಿದವನು ನಾನು. ಒಬ್ಬನೇ ಸಾಕ್ಷಿ, ಅವನೂ ತನ್ನ ಬಗ್ಗೆಯೇ ಹೇಳುವವನಾದರೆ ಎಚ್ಚರವಾಗಿರಬೇಕೆಂದು ಈಗ ಕೆಂಗೇರಿಯ ಕಾಲೇಜಿನಲ್ಲಿ ಹುಡುಗರಿಗೆ ಪಾಠ ಮಾಡುತ್ತೇನೆ.

ಆಗ ನಾನು, ಅಮ್ಮ ಕಾಮಾಕ್ಷಿಪಾಳ್ಯದಲ್ಲಿದ್ದೆವು. ಜ್ಞಾನಭಾರತಿಯಲ್ಲಿ ನನ್ನ ಪಿಎಚ್.ಡಿ. ನಡೆಯುತ್ತಿತ್ತು... ನಡೆಯುತ್ತಿತ್ತು ಎನ್ನುವುದು ತಪ್ಪು, ನಿಂತುಹೋಗಿತ್ತು. ಆಂಟಿಯ ಲೈಬ್ರರಿ ಬಸವೇಶ್ವರನಗರದ ಒಂದು ಒಳರಸ್ತೆಯಲ್ಲಿ, ಅವರ ಮನೆಯ ಮುಂಗೋಣೆಯಲ್ಲಿತ್ತು. ದಾವಣಗೆರೆ ಕಡೆಯವರು. ಹಣೆಯ ಮೇಲೆ ತೆಳುವಾಗಿ ವಿಭೂತಿ, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಗೋಡೆಯುದ್ದಕ್ಕೂ ಪುಸ್ತಕ, ಪ್ರತಿ ಅರೆಯಲ್ಲಿ ಹುಳ ಬಾರದಂತೆ ಬಟ್ಟೆಯಲ್ಲಿ ಕಟ್ಟಿಟ್ಟ ಬಜೆ.

ಎಲ್ಲ ಪುಸ್ತಕಕ್ಕೂ ಅವರು ಒಂದೇ ಬಗೆಯ ಕಂದು ಹೊದಿಕೆ ಹಾಕುತ್ತಿದ್ದರು. ಮೇಲ್ನೋಟಕ್ಕೆ ಎಲ್ಲವೂ ಒಂದೇ, ಬೆನ್ನಿನ ಮೇಲಿನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಹಾಗಾಗಿ ಓದಿದ್ದನ್ನೇ ಮತ್ತೆ ಒಯ್ಯದಿರಲೆಂದು ಅಲ್ಲಿನ ಓದುಗರು ಒಂದು ಪದ್ಧತಿ ಮಾಡಿಕೊಂಡಿದ್ದರು. ಪ್ರತಿಯೊಬ್ಬರಿಗೂ ಒಂದು ಪುಟ, ಒಂದು ಗುರುತು. ಓದುತ್ತ ಆ ಪುಟಕ್ಕೆ ಬಂದಾಗ ಪೆನ್ಸಿಲ್‌ನಲ್ಲಿ ಗುರುತು ಹಾಕುವುದು. ಮನೆ ನಂಬರಿನ ಪುಟ ಕೆಲವರದು, ಬಸ್ಸಿನ ನಂಬರು ಕೆಲವರದು. ನನ್ನದು ನಲವತ್ತೇಳು, ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ನನ್ನ ಸಂಖ್ಯೆ. ಗುರುತು, ಬಾಲವಿರುವ ಪುಟ್ಟ ಗಾಳಿಪಟ. ಹೊಸ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ನಲವತ್ತೇಳು ತೆಗೆದು ನೋಡುವುದು. ಗಾಳಿಪಟ ಇಲ್ಲವೆಂದರೆ ಓದಿಲ್ಲ. ಯಾರ ಪುಟ ಎಷ್ಟು, ಯಾರ ಗುರುತು ಯಾವುದು ಎಂಬುದೆಲ್ಲ ಆಂಟಿಯ ಬಾಯಲ್ಲಿತ್ತು.

ಆಂಟಿ ಓದಿದ್ದನ್ನು ನಾನು ನೋಡಿಲ್ಲ. ಒಮ್ಮೆ ಕೇಳಿದ್ದೆ. "ಅಡಿಗೆ ಮಾಡೋರಿಗೆ ಆವಿ ಕುಡಿದೇ ಹೊಟ್ಟೆ ತುಂಬುತ್ತೆ ಕಣಪ್ಪ," ಎಂದು ನಕ್ಕಿದ್ದರು.

ಈಗ ನನ್ನ ಕಾಯಿಲೆಯ ವಿಷಯ. ಆ ವರ್ಷ ನನಗೆ ಓದಲು ಆಗುತ್ತಿರಲಿಲ್ಲ. ಸೋಮಾರಿತನವಲ್ಲ. ಪುಟ ತೆರೆದರೆ ಅಕ್ಷರ ಕಾಣುತ್ತಿತ್ತು, ಪದವೂ ತಿಳಿಯುತ್ತಿತ್ತು, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಲಿನ ಮೊದಲು ಕೈಬಿಟ್ಟುಹೋಗುತ್ತಿತ್ತು. ಮತ್ತೆ ಮೊದಲಿಂದ ಶುರು. ಎದೆ ಹೊಡೆದುಕೊಳ್ಳುತ್ತಿತ್ತು. ಆರನೇ ವಯಸ್ಸಿನಿಂದ ಓದುವುದೊಂದನ್ನು ಬಿಟ್ಟು ಬೇರೇನೂ ಬಾರದವನು ಇದನ್ನು ಯಾರಿಗೆ ಹೇಳಬೇಕು? ಮಾರ್ಗದರ್ಶಕರಿಗೆ ಹೇಳಿದರೆ ಸಂಶೋಧನೆ ಮುಗಿದಂತೆ. ಅಮ್ಮನಿಗೆ ಹೇಳಿದರೆ ಅವಳ ನಿದ್ದೆ ಮುಗಿದಂತೆ. ನಾನು ಯಾರಿಗೂ ಹೇಳಲಿಲ್ಲ. ಬದಲಿಗೆ ಪುಸ್ತಕ ಕೊಳ್ಳತೊಡಗಿದೆ.

ಪುಸ್ತಕ ಕೊಳ್ಳುವುದರಲ್ಲಿ ಒಂದು ಮೋಸವಿದೆ. ಕೊಂಡ ಮೇಲೆ ಸುಮಾರು ಒಂದು ಗಂಟೆ ಕಾಲ ಅದನ್ನು ಓದಿದಂತೆಯೇ ಅನ್ನಿಸುತ್ತದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಬೆನ್ನುಪುಟ ನೋಡಿ, ಒಳಗೆ ಮೂಸಿ... ಆ ಒಂದು ಗಂಟೆಗಾಗಿ ನಾನು ಭಾನುವಾರ ಭಾನುವಾರ ಫುಟ್‌ಪಾತಿನ ರಾಶಿಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಮಂಚದ ಕೆಳಗೆ ತುಂಬಿ, ಅಕ್ಕಿ ಡಬ್ಬದ ಮೇಲೂ ಬಂತು. "ಇವನ್ನ ಓದ್ತೀಯೋ, ಇಲ್ಲ ಗೋಡೆ ಕಟ್ತೀಯೋ?" ಎಂದಳು ಅಮ್ಮ. ಗೋಡೆಯನ್ನೇ ಕಟ್ಟುತ್ತಿದ್ದೆ ಎಂದು ಈಗ ತಿಳಿಯುತ್ತದೆ.

ಆಂಟಿಯ ಲೈಬ್ರರಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಗೊತ್ತಾಗುತ್ತದಲ್ಲ! ಒಯ್ಯುತ್ತಿದ್ದೆ, ಎರಡು ದಿನ ಇಟ್ಟುಕೊಂಡು ವಾಪಸ್ ಕೊಡುತ್ತಿದ್ದೆ. ಅವರು ತೆಗೆದುಕೊಳ್ಳುವಾಗ ಪುಟಗಳನ್ನು ಸರ್ರನೆ ತಿರುವಿ ನೋಡುತ್ತಿದ್ದರು. ಹರಿದಿದೆಯೇ ಎಂದು ನೋಡುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ತಲೆಯೆತ್ತದೆ ಹೇಳಿದರು:

"ಏನಪ್ಪ, ಈಚೆಗೆ ನಿನ್ನ ಗಾಳಿಪಟ ಹಾರ್ತಾನೇ ಇಲ್ಲ?"

"ಪೆನ್ಸಿಲ್ ಇರ್ಲಿಲ್ಲ ಆಂಟಿ."

"ಪಿಎಚ್.ಡಿ. ಮಾಡೋರ ಮನೇಲಿ ಪೆನ್ಸಿಲ್ ಇರಲ್ವಾ!"

ಅಂದಿನಿಂದ ನಾನು ಓದದೆಯೇ ಗುರುತು ಹಾಕತೊಡಗಿದೆ. ವಾಪಸ್ ಕೊಡುವ ದಿನ ಗೇಟಿನ ಹೊರಗೆ ನಿಂತು, ನಲವತ್ತೇಳನೇ ಪುಟ ತೆಗೆದು, ಒಂದು ಗಾಳಿಪಟ ಗೀಚಿ ಒಳಗೆ ಹೋಗುತ್ತಿದ್ದೆ. ಐದಾರು ಪುಸ್ತಕ ಹೀಗೆ ದಾಟಿದವು.

ಸಿಕ್ಕಿಬಿದ್ದದ್ದು ಈ ತೆಳ್ಳಗಿನ ಕಾದಂಬರಿಯಲ್ಲಿ. ಪ್ರೆಸ್ಸಿನಿಂದ ನೇರವಾಗಿ ಬಂದ ಹೊಸ ಪ್ರತಿ, ನಾನೇ ಮೊದಲ ಓದುಗ. ಸಂಜೆ ನಾಲ್ಕೋ ಐದೋ ಇರಬೇಕು. ಆಂಟಿ ಎಂದಿನಂತೆ ತಿರುವಿದರು, ನಲವತ್ತೇಳರಲ್ಲಿ ಗಾಳಿಪಟ ನೋಡಿದರು, ಮತ್ತೆ ಹಿಂದಕ್ಕೆ ಬಂದರು.

"ಪೂರ್ತಿ ಓದಿದ್ಯಾ?"

"ಓದ್ದೆ ಆಂಟಿ. ಚೆನ್ನಾಗಿದೆ."

"ಹೌದಾ? ಮೂವತ್ನಾಲ್ಕು ಮೂವತ್ತೈದನೇ ಪುಟ ಹೆಂಗೆ ಓದ್ದೆ? ಟಾರ್ಚ್ ಬಿಟ್ಕೊಂಡಾ?"

ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಮೂವತ್ಮೂರನೆಯ ಪುಟವಿದ್ದ ಹಾಳೆ, ಅದರ ಮುಂದಿನ ಹಾಳೆ, ಎರಡೂ ಹೊರ ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಬೈಂಡಿಂಗಿನವನು ಆ ಮಡಿಕೆಯನ್ನು ಕತ್ತರಿಸಿರಲಿಲ್ಲ. ನಡುವಿನ ಎರಡು ಪುಟಗಳನ್ನು ಲೋಕದಲ್ಲಿ ಯಾರೂ ಓದಿರಲು ಸಾಧ್ಯವಿರಲಿಲ್ಲ.

ಅಲ್ಲಿ ಪೇಪರ್ ಓದುತ್ತ ಕೂತಿದ್ದ ನಿವೃತ್ತ ಮೇಷ್ಟರೊಬ್ಬರು ಗಹಗಹಿಸಿ ನಕ್ಕರು. "ಎಕ್ಸ್‌ರೇ ಕಣ್ಣು ಕಣಮ್ಮ. ಯೂನಿವರ್ಸಿಟೀಲಿ ಈಗ ಅದನ್ನೂ ಕೊಡ್ತಾರೆ!" ಅವರು ನಿಜವಾಗಿ ಅಂದು ಅಲ್ಲಿದ್ದರೋ, ಅವರ ನಗು ಬೇರೊಂದು ದಿನದ್ದೋ... ನನ್ನ ಕಿವಿಯಲ್ಲಂತೂ ಅದು ಇದೇ ಸಂಜೆಗೆ ಅಂಟಿಕೊಂಡಿದೆ.

ಆಂಟಿ ನಗಲಿಲ್ಲ. ಮೇಷ್ಟರು ಹೊರಡುವವರೆಗೂ ಹೊದಿಕೆ ಹಾಕುವ ಕೆಲಸ ಮಾಡುತ್ತಲೇ ಇದ್ದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಎಷ್ಟು ದಿನ ಆಯ್ತಪ್ಪ, ಓದಕ್ಕಾಗ್ದೆ?"

ಸುಳ್ಳು ಯಾಕೆ ಹೇಳಿದೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. "ಆರು ತಿಂಗಳು" ಎಂದೆ. ಆ ಎರಡು ಪದವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಆಮೇಲೆ ನಾನು ಅತ್ತೆನೇ? ಅತ್ತೆನೆಂದು ನೆನಪು. ಅಳುವವನಲ್ಲ ನಾನು, ಅದಕ್ಕೇ ಅನುಮಾನ.

ಅವರು ಡ್ರಾಯರಿನಿಂದ ಸ್ಟೀಲ್ ಸ್ಕೇಲ್ ತೆಗೆದುಕೊಟ್ಟರು. "ನೀನೇ ಕತ್ತರಿಸು." ನಾನು ಒರಟಾಗಿ ಎಳೆದೆ, ಅಂಚು ಇಲಿ ಕಡಿದಂತಾಯಿತು. ಗಾಳಿಪಟವನ್ನು ಅಳಿಸಿಬಿಡುತ್ತೇನೆಂದು ರಬ್ಬರ್ ಕೇಳಿದೆ. ಆಗ ಅವರು ಹೇಳಿದ ಮಾತು ಇದು, ಅಥವಾ ಇದಕ್ಕೆ ಹತ್ತಿರದ್ದು: "ಅಳಿಸಬೇಡ, ಬಿಡು. ನಿಜವಾಗ್ಲೂ ಅಲ್ಲಿಗೆ ಬಂದ ದಿನ ಪಕ್ಕದಲ್ಲಿ ಇನ್ನೊಂದು ಹಾಕು. ಈ ಪುಸ್ತಕ ನಿನ್ನ ಮನೆಗೆ ಕೊಡಲ್ಲ. ಇಲ್ಲೇ ಬಂದು ಓದು, ದಿನಾ ಹತ್ತು ಪುಟ. ಹನ್ನೊಂದನೇ ಪುಟ ಓದಿದ್ರೆ ಬೈತೀನಿ."

ಹೋದೆ. ದಿನಾ ಸಂಜೆ, ಬಾಗಿಲ ಪಕ್ಕದ ಬೆಂಚಿನ ಮೇಲೆ. ಒಂದು ಬಟ್ಟಲು ಒಗ್ಗರಣೆ ಮಂಡಕ್ಕಿ ಕೊಡುತ್ತಿದ್ದರು, ಜೊತೆಗೆ ಒಂದು ಚಮಚ. ಎಣ್ಣೆ ಬೆರಳು ಪುಟಕ್ಕೆ ತಾಗಬಾರದು. ದಾವಣಗೆರೆಯವರು ಮಂಡಕ್ಕಿಯನ್ನು ಚಮಚದಲ್ಲಿ ತಿನ್ನಿಸಿದರು ಎಂದರೆ ಅವರ ಕಡೆಯವರು ಯಾರೂ ನಂಬಲಿಕ್ಕಿಲ್ಲ. ಕೊಳ್ಳುವುದೂ ಬಂದ್ ಆಯಿತು. "ಇದು ಮುಗಿಯೋತನಕ ಇನ್ನೊಂದು ತಗೊಂಡ್ಯೋ, ನಂಗೆ ಹೇಳಿ ತಗೋ" ಎಂದಿದ್ದರು. ಹೇಳಲು ನಾಚಿಕೆಯಾಗಿ ಕೊಳ್ಳಲಿಲ್ಲ. ಮೊದಲ ದಿನ ಹತ್ತು ಪುಟ ಆಗಲಿಲ್ಲ. ಎರಡೋ ಮೂರೋ. ಅವರು ತಮ್ಮ ಪಾಡಿಗೆ ಹೊದಿಕೆ ಹಾಕುತ್ತಿದ್ದರು. ಕಾಗದ ಮಡಿಸುವ ಸದ್ದು, ಹೊರಗೆ ಸೊಪ್ಪಿನವಳ ಕೂಗು... ಒಂದು ಸಂಜೆ ಒಂದು ಸಾಲಿನ ಕೊನೆ ಮುಟ್ಟಿದಾಗ ಅದರ ಮೊದಲು ಇನ್ನೂ ನನ್ನ ಹತ್ತಿರವೇ ಇತ್ತು. ಅದೊಂದನ್ನು ಮರೆತಿಲ್ಲ.

ಅಮ್ಮನ ಲೆಕ್ಕ ಬೇರೆ. ಮೊನ್ನೆ ಈ ಪುಸ್ತಕ ತೋರಿಸಿ ಎಲ್ಲವನ್ನೂ ಹೇಳಿದೆ. ಕಾಳು ಬಿಡಿಸುತ್ತ ಕೂತಿದ್ದಳು. "ಡಾಕ್ಟರ ಹತ್ರ ಕರ್ಕೊಂಡ್ ಹೋಗಿದ್ದು ನಾನು. ಮಾತ್ರೆ ನುಂಗಿ, ನಿದ್ದೆ ಮಾಡಿ, ಸರಿಹೋದೆ. ಹೆಸರು ಮಾತ್ರ ಮಂಡಕ್ಕಿ ಕೊಟ್ಟೋಳಿಗೆ!" ಸುಳ್ಳಲ್ಲ. ಡಾಕ್ಟರರೂ ಇದ್ದರು, ಮಾತ್ರೆಯೂ ಇತ್ತು. ಅಮ್ಮನಿಗೆ ಹೇಳು ಎಂದು ನನ್ನನ್ನು ನೂಕಿದ್ದು ಆಂಟಿಯೇ ಎಂದು ನನ್ನ ನೆನಪು. ಅಮ್ಮ ಒಪ್ಪುವುದಿಲ್ಲ. "ನಂಗೆ ಮೊದ್ಲೇ ಗೊತ್ತಿತ್ತು ಕಣೋ" ಎನ್ನುತ್ತಾಳೆ. ಇಬ್ಬರು ಸಾಕ್ಷಿಗಳು, ಎರಡು ಕತೆ. ನನ್ನ ವಿದ್ಯಾರ್ಥಿಗಳು ಈಗ ಸೆಲ್ಫ್ ಕೇರ್ ಎಂಬ ಮಾತನ್ನು ಆಡುತ್ತಾರೆ, ಅದಕ್ಕೆ ಮೇಣದಬತ್ತಿ, ಹೊಸ ಪುಸ್ತಕ, ಕಾಫಿಯ ಚಿತ್ರ ಹಾಕುತ್ತಾರೆ. ಹಂಗಿಸುವ ಹಕ್ಕು ನನಗಿಲ್ಲ. ನನ್ನದೂ ಅದೇ, ಮಾತ್ರೆ ಮತ್ತು ಹತ್ತು ಪುಟ. ಆದರೆ ನನ್ನನ್ನು ನಾನೇ ನೋಡಿಕೊಂಡೆ ಎಂದರೆ ಅದು ಶುದ್ಧ ಸುಳ್ಳು.

ಪ್ರಬಂಧ ಮುಗಿಯಿತು, ಕೆಲಸ ಸಿಕ್ಕಿತು, ದೀಪಾಂಜಲಿ ನಗರದ ಹತ್ತಿರ ಮನೆ ಮಾಡಿದೆವು. ಪುಸ್ತಕಗಳು ಫೋನಿನಲ್ಲಿ ಬೆರಳೊತ್ತಿದರೆ ಬಾಗಿಲಿಗೆ ಬರತೊಡಗಿದವು. ನಾನು ಮತ್ತೆ ಕೊಳ್ಳುತ್ತಿದ್ದೆ, ಓದಿದ್ದಕ್ಕಿಂತ ಜಾಸ್ತಿ. ಆಂಟಿಯ ಕಡೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಜಗಳವಿಲ್ಲ, ಕಾರಣವಿಲ್ಲ. ಮೆಟ್ರೋದಿಂದ ಇಳಿದು ಆಟೋ ಹತ್ತಿದರೆ ಎಷ್ಟು ಹೊತ್ತಿನ ದಾರಿ? ಹೋಗಲಿಲ್ಲ.

ಪುಸ್ತಕ ಸಿಕ್ಕ ಮರುದಿನ ಹೋದೆ. ಮುಂಗೋಣೆಯ ಜಾಗದಲ್ಲಿ ಕನ್ನಡಕದ ಅಂಗಡಿ ಇತ್ತು. ಎದುರಿಗೆ ತಳ್ಳುಗಾಡಿಯ ಮೇಲೆ ಇಸ್ತ್ರಿ ಹಾಕುವವನು ನನ್ನ ಕೈಯಲ್ಲಿದ್ದ ಪುಸ್ತಕದ ಹೊದಿಕೆ ನೋಡಿಯೇ ಗುರುತಿಸಿದ. "ಲೈಬ್ರರಿ ಆಂಟೀನಾ ಸಾರ್? ಹೋಗಿ ಮೂರು ವರ್ಷ ಆಯ್ತಲ್ಲ. ಕೊನೇವರ್ಗೂ ರಟ್ಟು ಹಾಕ್ತಾನೇ ಇದ್ರು. ಪುಸ್ತಕ ಎಲ್ಲಾ ಟೆಂಪೋದಲ್ಲಿ ಹೋಯ್ತು." ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನನ್ನನ್ನು ನೋಡಿದ. "ನೀವು ಅವ್ರ ಕಡೆಯೋರಾ?"

ಅಲ್ಲ ಎಂದೆ.

ಮನೆಗೆ ಬಂದು ನನ್ನ ಪ್ರಬಂಧವನ್ನು ತೆಗೆದೆ. ಅದರ ಕೃತಜ್ಞತೆಯ ಪುಟದಲ್ಲಿ ಆಂಟಿಯನ್ನು ನೆನೆದಿದ್ದೇನೆ ಎಂಬ ಸಮಾಧಾನ ಇಷ್ಟು ವರ್ಷವೂ ನನ್ನಲ್ಲಿತ್ತು. ಆ ವಾಕ್ಯವೂ ನನಗೆ ಬಾಯಿಪಾಠವಿತ್ತು. ನೋಡಿದೆ. ಮಾರ್ಗದರ್ಶಕರಿದ್ದಾರೆ, ಟೈಪ್ ಮಾಡಿದವರಿದ್ದಾರೆ, ಕ್ಯಾಂಟೀನಿನವರೂ ಇದ್ದಾರೆ. ಆಂಟಿ ಇಲ್ಲ. ಎರಡು ಸಲ ಓದಿದೆ. ಇಲ್ಲ.

ನಲವತ್ತೇಳನೇ ಪುಟ ತೆರೆಯಲು ಹೆದರಿದ್ದು ಇದಕ್ಕೇ. ಬಾಯಿಪಾಠವಿದ್ದ ವಾಕ್ಯವೇ ಇಲ್ಲವೆಂದ ಮೇಲೆ ಸ್ಟೀಲ್ ಸ್ಕೇಲ್, ಚಮಚ, ತಗ್ಗಿಸಿದ ದನಿ ಯಾಕಿರಬೇಕು? ಕೃತಘ್ನನೊಬ್ಬ ತನ್ನ ಸಮಾಧಾನಕ್ಕೆ ಕಟ್ಟಿಕೊಂಡ ಕತೆ ಇದಾಗಿದ್ದರೆ, ಆ ಹೆಂಗಸಿಗೆ ನಾನು ಮಾಡಿದ ಕೊನೆಯ ಅನ್ಯಾಯವೂ ಇದೇ ಆಗುತ್ತದೆ. ಇನ್ನು ಕೇಳೋಣವೆಂದರೆ ಅವರಿಲ್ಲ...

ಇಷ್ಟನ್ನು ನಿನ್ನೆ ರಾತ್ರಿ ಬರೆದಿಟ್ಟಿದ್ದೆ. ಇಂದು ಬೆಳಿಗ್ಗೆ ಕಾಫಿ ಕುಡಿದು, ಕೈ ತೊಳೆದು, ಒರೆಸಿಕೊಂಡು ಪುಸ್ತಕ ತೆರೆದೆ. ಮೂವತ್ನಾಲ್ಕು, ಮೂವತ್ತೈದರ ಅಂಚು ಇಲಿ ಕಡಿದಂತಿದೆ. ಬೇರೆ ಪುಟಗಳ ಅಂಚು ನೇರವಾಗಿದೆ. ಆಂಟಿ ಏನು ಹೇಳಿದರು, ನಾನು ಅತ್ತೆನೋ ಇಲ್ಲವೋ, ಮೇಷ್ಟರು ನಕ್ಕರೋ ಇಲ್ಲವೋ, ಇವನ್ನೆಲ್ಲ ಕಾಗದ ಹೇಳುವುದಿಲ್ಲ. ನಾನು ಪರೀಕ್ಷಿಸಿ ಖಚಿತವಾಗಿ ಹೇಳಬಲ್ಲದ್ದು ಇಷ್ಟೇ: ನಲವತ್ತೇಳನೇ ಪುಟದ ಕೆಳಗಿನ ಅಂಚಿನಲ್ಲಿ ಅವಸರದಲ್ಲಿ ಒತ್ತಿ ಗೀಚಿದ ಒಂದು ಗಾಳಿಪಟವಿದೆ. ಅದರ ಪಕ್ಕದಲ್ಲಿ, ತೆಳುವಾದ ಗೆರೆಯಲ್ಲಿ, ಸ್ವಲ್ಪ ಉದ್ದ ಬಾಲದ ಇನ್ನೊಂದು ಇದೆ.